ತತ್ವಶಾಸ್ತ್ರ ಕಲಿಸುವ ಕಾಲೇಜುಗಳಿಗೆ: ತಿದ್ದಿದ ಒಂದು ಪ್ರಬಂಧ ತೋರಿಸಿ

ಪ್ರಾಂಶುಪಾಲರೇ, ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರೇ, ನಮಸ್ಕಾರ.

ನನ್ನ ಅಕ್ಕನ ಮಗಳು ಈ ವರ್ಷ ಪದವಿಗೆ ಸೇರುತ್ತಾಳೆ. ತತ್ವಶಾಸ್ತ್ರವನ್ನೇ ಓದಬೇಕು ಅಂತ ಅವಳೇ ತೀರ್ಮಾನ ಮಾಡಿದ್ದಾಳೆ. ಮನೆಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ. ನಾನೂ ಅದೇ ವಿಷಯ ಓದಿದವಳು ಅನ್ನುವ ಕಾರಣಕ್ಕೆ ಕಾಲೇಜು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಎರಡು ತಿಂಗಳ ಹಿಂದೆ ಒಂದು ಭಾನುವಾರ ನಾವಿಬ್ಬರೂ ನಾಲ್ಕು ಕಾಲೇಜುಗಳ ಪ್ರಾಸ್ಪೆಕ್ಟಸ್‌ಗಳನ್ನು ನೆಲದ ಮೇಲೆ ಹರಡಿಕೊಂಡು ಕೂತೆವು. ಒಂದು ಗಂಟೆ ಓದಿದ ಮೇಲೆ ಅವಳು ಪೆನ್ನು ಕೆಳಗಿಟ್ಟು, "ಚಿಕ್ಕಮ್ಮ, ಹೆಸರು ಮುಚ್ಚಿಟ್ಟು ಓದಿದರೆ ಇದು ಯಾವ ಕಾಲೇಜು ಅಂತ ನಿಂಗೆ ಗೊತ್ತಾಗುತ್ತಾ?" ಅಂದಳು.

ನನಗೆ ಗೊತ್ತಾಗಲಿಲ್ಲ. ನಾಲ್ಕರಲ್ಲೂ ಮರದ ಕೆಳಗೆ ಕೂತ ವಿದ್ಯಾರ್ಥಿಗಳ ಫೋಟೊ. ನಾಲ್ಕರಲ್ಲೂ 'ವಿಮರ್ಶಾತ್ಮಕ ಚಿಂತನೆ' ಅನ್ನುವ ಮಾತು. ಅಧ್ಯಾಪಕರ ಹೆಸರು, ಅವರ ಡಿಗ್ರಿ, ಅವರು ಬರೆದ ಲೇಖನಗಳ ಪಟ್ಟಿ. ಗ್ರಂಥಾಲಯದಲ್ಲಿ ಎಷ್ಟು ಪುಸ್ತಕ ಇವೆ ಅನ್ನುವ ಲೆಕ್ಕ. ಇವೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ನಾವು ತಿಳಿದುಕೊಳ್ಳಬೇಕಾಗಿದ್ದ ಒಂದೇ ಒಂದು ಸಂಗತಿ ಯಾವುದರಲ್ಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಿಮಗೆಲ್ಲ ಗೊತ್ತಿರುವ ಒಂದು ಕಥೆಯಿಂದ ಶುರು ಮಾಡುತ್ತೇನೆ. ಪ್ಲೇಟೋನ 'ಪ್ರೊಟಾಗೊರಸ್' ಸಂವಾದದಲ್ಲಿ ಬರುವ ಹುಡುಗ ಹಿಪ್ಪಾಕ್ರಟೀಸ್. ಹೆಸರಾಂತ ವೈದ್ಯನಲ್ಲ, ಬೇರೆಯವನು. ಇನ್ನೂ ಬೆಳಕು ಹರಿದಿಲ್ಲ, ಅವನು ಕೋಲಿನಿಂದ ಸಾಕ್ರಟೀಸನ ಬಾಗಿಲು ಬಡಿಯುತ್ತಾನೆ. ಹಣ ಪಡೆದು ಪಾಠ ಹೇಳುವ ಹೆಸರಾಂತ ಗುರು ಪ್ರೊಟಾಗೊರಸ್ ಅಥೆನ್ಸಿಗೆ ಬಂದಿದ್ದಾನೆ, ನನ್ನನ್ನು ಶಿಷ್ಯನಾಗಿ ತೆಗೆದುಕೊಳ್ಳುವಂತೆ ಹೇಳು, ಎಷ್ಟು ಖರ್ಚಾದರೂ ಸರಿ ಅನ್ನುತ್ತಾನೆ. ಸಾಕ್ರಟೀಸ್ ಅವನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಕೇಳುತ್ತಾನೆ: ಅವನ ಹತ್ತಿರ ಹೋಗಿ ನೀನು ಏನಾಗುತ್ತೀಯ? ಅವನು ಕಲಿಸುವುದಾದರೂ ಏನನ್ನು? ಹುಡುಗನ ಬಳಿ ಉತ್ತರ ಇರುವುದಿಲ್ಲ. ಆಗ ಸಾಕ್ರಟೀಸ್ ಹೇಳುವ ಮಾತು ನನಗೆ ಯಾವತ್ತೂ ಮರೆಯುವುದಿಲ್ಲ. ತಿನ್ನುವ ವಸ್ತು ಕೊಂಡರೆ ಅದನ್ನು ಪಾತ್ರೆಯಲ್ಲಿ ಮನೆಗೆ ತರಬಹುದು. ತಿನ್ನುವ ಮುಂಚೆ ಬಲ್ಲವರಿಗೆ ತೋರಿಸಿ ಕೇಳಬಹುದು. ಕಲಿಕೆಗೆ ಅಂಥ ಪಾತ್ರೆ ಇಲ್ಲ. ಕೊಂಡ ಕ್ಷಣವೇ ಅದು ಒಳಗೆ ಹೋಗಿರುತ್ತದೆ. ಒಳ್ಳೆಯದೋ ಕೆಟ್ಟದ್ದೋ, ಅದರ ಜೊತೆಗೇ ನೀನು ಎದ್ದು ಹೋಗಬೇಕು.

ಸುಮಾರು 2400 ವರ್ಷ ಆಯಿತು. ನನ್ನ ಅಕ್ಕನ ಮಗಳು ಈಗಲೂ ಅದೇ ಅಂಗಳದಲ್ಲಿ ನಿಂತಿದ್ದಾಳೆ. ಪಾತ್ರೆಯಲ್ಲಿ ಸ್ವಲ್ಪ ಕೊಡಿ, ನೋಡಿ ಹೇಳುತ್ತೇವೆ ಅಂತ ನಾನು ಕೇಳುತ್ತಿದ್ದೇನೆ, ಅಷ್ಟೆ.

ನಾನು ಓದಿದ್ದು ಹೆಸರಿದ್ದ ಕಾಲೇಜಿನಲ್ಲಿ. ಯಾವುದು ಅಂತ ಇಲ್ಲಿ ಹೇಳುವುದಿಲ್ಲ. ಮೊದಲ ವರ್ಷ ಒಂದು ಪ್ರಬಂಧ ಬರೆದೆ. ಮನುಷ್ಯನಿಗೆ ಸ್ವತಂತ್ರ ಇಚ್ಛೆ ಇದೆಯೇ ಅನ್ನುವ ವಿಷಯ. ಹತ್ತು ಪುಟ. ರಾತ್ರಿ ಎಲ್ಲ ಕೂತು ಬರೆದಿದ್ದೆ. ಎರಡು ತಿಂಗಳ ಮೇಲೆ ಅದು ವಾಪಸ್ ಬಂತು. ಪ್ರತಿ ಪುಟದ ಅಂಚಿನಲ್ಲಿ ಒಂದು ಕೆಂಪು ಟಿಕ್. ಕೊನೆಯಲ್ಲಿ 20ಕ್ಕೆ 14, ಪಕ್ಕದಲ್ಲಿ 'ಉತ್ತಮ'. ಅಷ್ಟೇ. ನನಗೆ ಆ ದಿನ ಖುಷಿಯೇ ಆಗಿತ್ತು. ಹದಿನೆಂಟು ವಯಸ್ಸಿಗೆ 'ಉತ್ತಮ' ಅನ್ನುವುದು ಸಾಕಾಗುತ್ತದೆ. ಎರಡು ವರ್ಷ ಹೀಗೇ ಕಳೆಯಿತು. ನಾನು ಉತ್ತಮವಾಗಿಯೇ ಬರೆಯುತ್ತಿದ್ದೆ ಅಂದುಕೊಂಡಿದ್ದೆ.

ಮೂರನೇ ವರ್ಷ ಹೊಸ ಮೇಡಂ ಒಬ್ಬರು ಬಂದರು. ಅದೇ ವಿಷಯದ ಮೇಲೆ ಇನ್ನೊಮ್ಮೆ ಬರೆಯಬೇಕಾಯಿತು. ನಾನು ಹಳೆಯ ಪ್ರಬಂಧವನ್ನೇ ಸ್ವಲ್ಪ ತಿದ್ದಿ ಕೊಟ್ಟೆ. ಅದರಲ್ಲಿ ಒಂದು ಸಾಲು ಹೀಗಿತ್ತು: 'ಪ್ರತಿಯೊಂದು ಘಟನೆಗೂ ಕಾರಣ ಇದೆ. ಆದ್ದರಿಂದ ನಾವು ಮಾಡುವ ಯಾವ ಕೆಲಸಕ್ಕೂ ನಾವು ಹೊಣೆಗಾರರಲ್ಲ.' ಐದು ದಿನಕ್ಕೆ ಪ್ರಬಂಧ ಕೈಗೆ ಬಂತು. 'ಆದ್ದರಿಂದ' ಅನ್ನುವ ಪದಕ್ಕೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದರು. ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದರು: 'ಇದು ಹೇಗೆ ಬಂತು? ಕಾರಣ ಇದ್ದ ಮಾತ್ರಕ್ಕೆ ಹೊಣೆ ಯಾಕೆ ಹೋಗಬೇಕು? ನಡುವೆ ಒಂದು ಮೆಟ್ಟಿಲು ಬಿಟ್ಟಿದ್ದೀರಿ. ಅದನ್ನು ಬರೆದು ತನ್ನಿ.'

ನಾನು ಆ ಮೆಟ್ಟಿಲು ಹುಡುಕುತ್ತಾ ಹೋದೆ. ಕಾರಣವೂ ಇರಬಹುದು, ಹೊಣೆಯೂ ಇರಬಹುದು, ಎರಡಕ್ಕೂ ಜಗಳವೇ ಇಲ್ಲ ಅಂತ ಸ್ಕಾಟ್‌ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ವಾದಿಸಿದ್ದ. ಅವನ ಹೆಸರು ನನಗೆ ಗೊತ್ತಿತ್ತು. ಪರೀಕ್ಷೆಯಲ್ಲಿ ಅವನ ಬಗ್ಗೆ ಬರೆದು ಅಂಕ ಪಡೆದಿದ್ದೆ. ಆದರೆ ಅವನ ವಾದ ನನ್ನ ಸ್ವಂತ ವಾಕ್ಯಕ್ಕೇ ಬಂದು ತಾಗುತ್ತದೆ ಅನ್ನುವುದು ಆವತ್ತಿನವರೆಗೂ ಹೊಳೆದಿರಲಿಲ್ಲ. ಆ ಪ್ರಬಂಧವನ್ನು ಮೂರು ಸಲ ಬರೆದೆ. ಮೂರನೇ ಸಲ ಅದು ನಾಲ್ಕೇ ಪುಟ ಆಗಿತ್ತು. ನಾನು ತತ್ವಶಾಸ್ತ್ರ ಕಲಿಯಲು ಶುರು ಮಾಡಿದ್ದು ಆ ವಾರ. ಅಷ್ಟು ಹೊತ್ತಿಗೆ ಪದವಿ ಮುಗಿಯಲು ಏಳು ತಿಂಗಳು ಉಳಿದಿತ್ತು.

ಹಾಗಾಗಿ ನನ್ನ ಮೊದಲ ಮತ್ತು ಮುಖ್ಯ ಕೋರಿಕೆ ಇದು. ನಿಮ್ಮ ವಿಭಾಗದಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬರು ಬರೆದ, ನಿಮ್ಮ ಅಧ್ಯಾಪಕರು ತಿದ್ದಿದ ಒಂದು ಪ್ರಬಂಧವನ್ನು ಹೊರಗಿನವರಿಗೆ ತೋರಿಸಿ. ವಿದ್ಯಾರ್ಥಿಯ ಒಪ್ಪಿಗೆ ಪಡೆಯಿರಿ, ಹೆಸರು ಅಳಿಸಿ, ಅಂಕ ಬೇಕಾದರೆ ಮುಚ್ಚಿ. ಅಂಚಿನಲ್ಲಿ ಬರೆದದ್ದನ್ನು ಮಾತ್ರ ಬಿಡಿ. ಒಳ್ಳೆಯ ಪ್ರಬಂಧವೇ ಆಗಬೇಕೆಂದಿಲ್ಲ. ಸಾಧಾರಣ ಪ್ರಬಂಧವನ್ನು ನೀವು ಹೇಗೆ ಓದುತ್ತೀರಿ ಅನ್ನುವುದೇ ನಮಗೆ ಬೇಕಾದದ್ದು. ಆ ಒಂದು ಹಾಳೆ ನೋಡಿದರೆ ಹದಿನೇಳರ ಹುಡುಗಿಗೂ ಅರ್ಥ ಆಗುತ್ತದೆ, ಇಲ್ಲಿ ನನ್ನ ಮಾತನ್ನು ಯಾರಾದರೂ ಪೂರ್ತಿ ಕೇಳಿಸಿಕೊಳ್ಳುತ್ತಾರಾ ಇಲ್ಲವಾ ಅಂತ.

ಬೇರೆ ವಿಷಯಗಳಲ್ಲಿ ಇದು ಇಷ್ಟು ಮುಖ್ಯ ಅಲ್ಲದಿರಬಹುದು. ರಸಾಯನಶಾಸ್ತ್ರದಲ್ಲಿ ತಪ್ಪು ಮಾಡಿದರೆ ಪ್ರಯೋಗವೇ ಹೇಳಿಬಿಡುತ್ತದೆ. ಲೆಕ್ಕದಲ್ಲಿ ಉತ್ತರ ಹೊಂದದೆ ಹೋಗುತ್ತದೆ. ತತ್ವಶಾಸ್ತ್ರದಲ್ಲಿ ಕೆಟ್ಟ ವಾದವೂ ಒಳ್ಳೆಯ ವಾದದ ಹಾಗೇ ಕಾಣುತ್ತದೆ, ಬರೆದವರಿಗಂತೂ ಇನ್ನೂ ಚೆನ್ನಾಗಿ ಕಾಣುತ್ತದೆ. ಇನ್ನೊಬ್ಬರು ಕೂತು ಓದಿ, ಇಲ್ಲಿ ನಿಲ್ಲಿ ಅನ್ನುವ ತನಕ ಗೊತ್ತೇ ಆಗುವುದಿಲ್ಲ. ಆಕ್ಸ್‌ಫರ್ಡಿನಲ್ಲಿ ಇವತ್ತಿಗೂ ಟ್ಯುಟೋರಿಯಲ್ ಪದ್ಧತಿ ಉಳಿದಿರುವುದು ಅದಕ್ಕೇ ಇರಬೇಕು. ಒಬ್ಬರು, ಇಬ್ಬರು, ಹೆಚ್ಚೆಂದರೆ ಮೂವರು ವಿದ್ಯಾರ್ಥಿಗಳು. ಎದುರಿಗೆ ಒಬ್ಬ ಟ್ಯೂಟರ್. ನಡುವೆ ಆ ವಾರ ಬರೆದ ಪ್ರಬಂಧ. ಎಲ್ಲ ಕಾಲೇಜಿಗೂ ಅಷ್ಟು ಅಧ್ಯಾಪಕರು ಎಲ್ಲಿ ಸಿಗಬೇಕು, ನನಗೂ ಗೊತ್ತು. ಅರವತ್ತು ಜನರ ತರಗತಿ ನಡೆಸುವ ನಿಮ್ಮ ಕಷ್ಟ ನಾನು ಬಲ್ಲೆ. ಆದರೆ ಅರವತ್ತು ಜನರಲ್ಲೂ ವರ್ಷಕ್ಕೆ ಎರಡು ಪ್ರಬಂಧವನ್ನು ಪೆನ್ಸಿಲ್ ಹಿಡಿದು ಓದುವ ಕಾಲೇಜು ಒಂದಿದ್ದರೆ, ಮೂವತ್ತೇ ಜನರಿದ್ದೂ ಟಿಕ್ ಹಾಕಿ ಕೊಡುವ ಕಾಲೇಜಿಗಿಂತ ಅದು ಮೇಲು. ಆ ವ್ಯತ್ಯಾಸ ಹೊರಗಿನಿಂದ ಕಾಣುವಂತೆ ಮಾಡಿ ಅನ್ನುವುದಷ್ಟೇ ನನ್ನ ಮಾತು.

ಇನ್ನು ರ‍್ಯಾಂಕಿಂಗ್ ವಿಷಯ. ಮಗು ತತ್ವಶಾಸ್ತ್ರ ಓದುತ್ತೇನೆ ಅಂದ ಕೂಡಲೇ ನೆಂಟರಿಷ್ಟರೆಲ್ಲ ಕೇಳುವುದು "ಎಷ್ಟನೇ ನಂಬರ್ ಕಾಲೇಜು?" ಅಂತ. ತತ್ವಶಾಸ್ತ್ರಕ್ಕೇ ಮೀಸಲಾದ ಪಟ್ಟಿಗಳಲ್ಲಿ ಜಾಸ್ತಿ ಹೆಸರಾದದ್ದು 'ಫಿಲಸಾಫಿಕಲ್ ಗೋರ್ಮೇ ರಿಪೋರ್ಟ್'. ಬ್ರಯನ್ ಲೈಟರ್ ಅನ್ನುವವರು 1989ರಲ್ಲಿ, ತಾವೇ ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಶುರು ಮಾಡಿದ್ದು. ಆ ಪಟ್ಟಿ ಇರುವುದು ಪಿಎಚ್‌ಡಿ ಮಾಡುವವರಿಗಾಗಿ. ಅಲ್ಲಿ ಅಳೆಯುವುದು ಅಧ್ಯಾಪಕರ ಸಂಶೋಧನೆಗೆ ಇರುವ ಹೆಸರನ್ನು. ಪದವಿ ತರಗತಿಯಲ್ಲಿ ಪಾಠ ಹೇಗೆ ನಡೆಯುತ್ತದೆ ಅನ್ನುವುದನ್ನು ಅದು ಅಳೆಯುವುದೇ ಇಲ್ಲ. ಸಂಶೋಧನೆಯಲ್ಲಿ ದೊಡ್ಡವರು ಪಾಠದಲ್ಲೂ ದೊಡ್ಡವರಿರಬಹುದು. ಆದರೆ ಅವರು ಮೊದಲ ವರ್ಷದ ತರಗತಿಗೆ ಕಾಲಿಡುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಎಷ್ಟೋ ಕಡೆ ಅವರ ಫೋಟೊ ಪ್ರಾಸ್ಪೆಕ್ಟಸ್ಸಿನಲ್ಲಿರುತ್ತದೆ, ತರಗತಿಗೆ ಬರುವುದು ಆ ವರ್ಷಕ್ಕೆ ಮಾತ್ರ ನೇಮಕವಾದ ಅತಿಥಿ ಉಪನ್ಯಾಸಕರು. ಅತಿಥಿ ಉಪನ್ಯಾಸಕರ ಬಗ್ಗೆ ನನಗೆ ಗೌರವ ಇದೆ. ನನ್ನ 'ಆದ್ದರಿಂದ'ಕ್ಕೆ ಸುತ್ತು ಹಾಕಿದ ಮೇಡಂ ಕೂಡ ಅತಿಥಿ ಉಪನ್ಯಾಸಕಿಯೇ. ಮುಂದಿನ ವರ್ಷ ಅವರು ಅಲ್ಲಿರಲಿಲ್ಲ. ಹಾಗಾಗಿ ಕೇಳುತ್ತೇನೆ: ಈ ವರ್ಷ ಮೊದಲ ವರ್ಷದವರಿಗೆ ಪಾಠ ಮಾಡುವವರು ಯಾರು, ಅವರು ಮುಂದಿನ ವರ್ಷವೂ ಇರುತ್ತಾರಾ, ದಯವಿಟ್ಟು ಬರೆದು ಹಾಕಿ.

ನೀವು ಕಲಿಸುವ ಪತ್ರಿಕೆಗಳ, ಅಂದರೆ ಪೇಪರ್‌ಗಳ, ಪಟ್ಟಿಯೂ ಹಾಗೇ. ನಾವು ನೋಡಿದ ಒಂದು ಪ್ರಾಸ್ಪೆಕ್ಟಸ್ಸಿನಲ್ಲಿ ಐಚ್ಛಿಕ ವಿಷಯಗಳ ಉದ್ದ ಪಟ್ಟಿ ಇತ್ತು. ಮನಸ್ಸಿನ ತತ್ವಶಾಸ್ತ್ರ, ಸೌಂದರ್ಯಶಾಸ್ತ್ರ, ವಿಜ್ಞಾನದ ತತ್ವಶಾಸ್ತ್ರ, ಬೌದ್ಧ ತರ್ಕ, ಹೀಗೆ. ನನ್ನ ಅಕ್ಕನ ಮಗಳ ಕಣ್ಣು ಅರಳಿತು. ಅಲ್ಲಿಯ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಕೇಳಿದಾಗ ಗೊತ್ತಾಯಿತು, ಅದರಲ್ಲಿ ಮುಕ್ಕಾಲು ಭಾಗ ಅವರು ಸೇರಿದ ಮೇಲೆ ಒಂದು ಸಲವೂ ನಡೆದಿಲ್ಲ. ಪಟ್ಟಿ ಬರೆದಾಗ ಇದ್ದ ಅಧ್ಯಾಪಕರು ನಿವೃತ್ತರಾಗಿದ್ದಾರೆ, ಪಟ್ಟಿ ಉಳಿದುಕೊಂಡಿದೆ. ಕಳೆದ ಮೂರು ವರ್ಷದಲ್ಲಿ ನಿಜವಾಗಿ ನಡೆದ ಪತ್ರಿಕೆಗಳನ್ನಷ್ಟೇ ಹಾಕಿ. ಪಟ್ಟಿ ಚಿಕ್ಕದಾದರೆ ನಮಗೇನೂ ಬೇಜಾರಿಲ್ಲ.

ಈಗ ತರಗತಿಯ ವಿಷಯಕ್ಕೆ ಬರುತ್ತೇನೆ. ಒಂದು ದಿನ ತರಗತಿಯಲ್ಲಿ ಕೂರಲು ಬಿಡುತ್ತೀರಾ ಅಂತ ನಾವು ನಾಲ್ಕು ಕಾಲೇಜಿಗೂ ಬರೆದು ಕೇಳಿದೆವು. ಎರಡು ಕಡೆಯಿಂದ ಉತ್ತರ ಬರಲಿಲ್ಲ. ಒಂದು ಕಡೆ ನಿಯಮದಲ್ಲಿ ಅವಕಾಶ ಇಲ್ಲ ಅಂದರು. ನಾಲ್ಕನೆಯವರು ಬನ್ನಿ ಅಂದರು. ಹೋದೆವು.

ಮೊದಲ ವರ್ಷದ ತರಗತಿ. ಸುಮಾರು ಮೂವತ್ತು ಮಕ್ಕಳು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗಡಿಯಾರ ಬರೆದರು. ಮುಳ್ಳು ಎರಡು ಗಂಟೆಗೆ ನಿಂತಿದೆ. ಗಡಿಯಾರ ಕೆಟ್ಟಿದೆ, ಆದರೆ ನೋಡುವವನಿಗೆ ಅದು ಗೊತ್ತಿಲ್ಲ. ಅವನು ನೋಡಿದ ಹೊತ್ತಿಗೆ ನಿಜವಾಗಿಯೂ ಎರಡು ಗಂಟೆ ಆಗಿರುತ್ತದೆ. "ಈಗ ಎರಡು ಗಂಟೆ ಅನ್ನುವುದು ಅವನಿಗೆ ಗೊತ್ತಿತ್ತಾ?" ಅಂತ ಕೇಳಿ ಸುಮ್ಮನೆ ನಿಂತರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಅವರೂ ಮಾತಾಡಲಿಲ್ಲ. ಆ ಒಂದು ನಿಮಿಷ ಕಾಯುವುದು ಎಷ್ಟು ಕಷ್ಟ ಅಂತ ಪಾಠ ಮಾಡಿದವರಿಗೆ ಗೊತ್ತು. ಎರಡನೇ ಸಾಲಿನ ಹುಡುಗ ಗೊತ್ತಿತ್ತು ಅಂದ. ಅವನು ನಂಬಿದ್ದ, ನಂಬಲು ಕಾರಣ ಇತ್ತು, ನಂಬಿದ್ದು ನಿಜವೂ ಆಗಿತ್ತು, ಇನ್ನೇನು ಬೇಕು? ಕಿಟಕಿ ಪಕ್ಕದ ಹುಡುಗಿ ತಲೆಯಾಡಿಸಿದಳು. "ಇಲ್ಲ, ಅದು ಸುಮ್ನೆ ಹೊಂದಿಕೊಂಡುಬಿಡ್ತು. ಹತ್ತು ನಿಮಿಷ ತಡವಾಗಿ ನೋಡಿದ್ದರೆ?"

ಹುಡುಗ ಕೂಡಲೇ ಬಾಯಿ ತೆರೆದ. ಮೇಷ್ಟ್ರು ಕೈ ಎತ್ತಿ ತಡೆದರು. "ಮೊದಲು ಅವಳು ಹೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ. ಅವಳು ಹೌದು, ಇದೇ ನನ್ನ ಮಾತು ಅನ್ನಬೇಕು. ಆಮೇಲೆ ನಿಮ್ಮ ಉತ್ತರ." ಹುಡುಗ ಎರಡು ಸಲ ಪ್ರಯತ್ನಿಸಿದ. ಎರಡು ಸಲವೂ ಅವಳು ಅಲ್ಲ ಅಂದಳು. ಮೂರನೇ ಸಲ ಹೌದು ಅಂದಳು. ಅಷ್ಟರಲ್ಲಿ ಅವನಿಗೆ ತನ್ನ ಉತ್ತರವೇ ಮರೆತುಹೋಗಿತ್ತೋ ಏನೋ, "ಇಲ್ಲ ಸರ್, ನಾನು ಇನ್ನೊಂದು ಸಲ ಯೋಚನೆ ಮಾಡಬೇಕು" ಅಂತ ಕೂತ.

ನಮ್ಮ ಹಳೆಯ ಶಾಸ್ತ್ರಗಳಲ್ಲಿ ಪೂರ್ವಪಕ್ಷ ಅನ್ನುವುದು ಇದನ್ನೇ ಅಲ್ವಾ? ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿದ ಮೇಲೇ ನಿನ್ನ ಸಿದ್ಧಾಂತ. ತರ್ಕದ ಹಳೆಯ ಗ್ರಂಥವಾದ ನ್ಯಾಯಸೂತ್ರಗಳು ಚರ್ಚೆಯಲ್ಲಿ ಮೂರು ಬಗೆ ಹೇಳುತ್ತವೆ. ನಿಜ ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ತನ್ನದೊಂದು ನಿಲುವನ್ನೇ ಇಡದೆ ಬರೀ ಎದುರಿನವರನ್ನು ಕೆಡವುವುದು ವಿತಂಡ. ಮೂರನೆಯದು ನಮ್ಮ ದಿನದ ಮಾತಿನಲ್ಲೇ ಬೈಗುಳದ ಹಾಗೆ ಉಳಿದುಕೊಂಡಿದೆ. ಮಕ್ಕಳು ಎದುರು ಮಾತಾಡಿದರೆ ವಿತಂಡವಾದ ಮಾಡಬೇಡ ಅನ್ನುತ್ತೇವೆ. ತತ್ವಶಾಸ್ತ್ರದ ತರಗತಿಗಳಲ್ಲಿ ಈ ಮೂರೂ ನಡೆಯುತ್ತವೆ. ಯಾವುದು ಜಾಸ್ತಿ ನಡೆಯುತ್ತದೆ ಅಂತ ತಿಳಿಯಲು ಒಂದು ಗಂಟೆ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು. ಪ್ರಾಸ್ಪೆಕ್ಟಸ್ ನೂರು ಸಲ ಓದಿದರೂ ಗೊತ್ತಾಗುವುದಿಲ್ಲ.

ಯಾರು ಮಾತಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಅನ್ನುವುದನ್ನೂ ನೋಡಲು ಅವಳಿಗೆ ಹೇಳಿದ್ದೆ. ಮೇರಿ ಮಿಡ್ಜ್‌ಲಿ, ಐರಿಸ್ ಮರ್ಡಾಕ್, ಫಿಲಿಪ್ಪಾ ಫೂಟ್, ಎಲಿಜಬೆತ್ ಆನ್‌ಸ್ಕೋಂಬ್ ತತ್ವಶಾಸ್ತ್ರದಲ್ಲಿ ಹೆಸರು ಮಾಡಿದ ಈ ನಾಲ್ವರು ಹೆಂಗಸರೂ 1930ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿಗೆ ಸೇರಿದವರು. ಆಮೇಲೆ ಎರಡನೇ ಮಹಾಯುದ್ಧ ಬಂತು, ಹುಡುಗರಲ್ಲಿ ಬಹಳ ಜನ ಯುದ್ಧಕ್ಕೆ ಹೋದರು. ತಮ್ಮ ಪೀಳಿಗೆಯಿಂದ ಅಷ್ಟು ಜನ ಹೆಣ್ಣುಮಕ್ಕಳು ತತ್ವಶಾಸ್ತ್ರದಲ್ಲಿ ಮೇಲೆ ಬರಲು ಅದೂ ಒಂದು ಕಾರಣ ಅಂತ ಮಿಡ್ಜ್‌ಲಿ ಎಷ್ಟೋ ವರ್ಷ ಆದಮೇಲೆ ಹೇಳಿದ್ದಾರೆ. ಚುರುಕು ಮಾತಿನವರು ತುಂಬಿದ ತರಗತಿಯಲ್ಲಿ ನಿಧಾನವಾಗಿ ಯೋಚಿಸುವವರ ದನಿ ಕೇಳುವುದಿಲ್ಲ ಅನ್ನುವುದು ಅವರ ಮಾತಿನ ಸಾರ. ಅವರು ಗಂಡಸರನ್ನು ದೂರಿದ್ದಲ್ಲ, ಗೆಲ್ಲುವುದಕ್ಕೇ ಮಾತಾಡುವ ಆ ಚಾಳಿಯನ್ನು ದೂರಿದ್ದು. ನನ್ನ ಅಕ್ಕನ ಮಗಳು ನಿಧಾನದವಳು. ಉತ್ತರ ಹೇಳುವ ಮುಂಚೆ ಮೂಗಿನ ತುದಿ ಉಜ್ಜಿಕೊಳ್ಳುತ್ತಾಳೆ. ಅವಳು ಉಜ್ಜಿ ಮುಗಿಸುವವರೆಗೆ ಕಾಯುವ ತರಗತಿ ನನಗೆ ಬೇಕು.

ಆ ಗಡಿಯಾರದ ವಿಷಯದಲ್ಲಿ ಇನ್ನೊಂದು ಮಾತು. ಉದಾಹರಣೆ ಬರ್ಟ್ರಂಡ್ ರಸೆಲ್ ಅವರದ್ದು, 1948ರದ್ದು. ಅದೇ ಬಗೆಯ ಸಮಸ್ಯೆಯನ್ನು ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟದ ಲೇಖನದಲ್ಲಿ ಬರೆದರು. ಜ್ಞಾನ ಅಂದರೆ ಏನು ಅನ್ನುವ ಚರ್ಚೆಯನ್ನೇ ಅದು ಅಲ್ಲಾಡಿಸಿತು. ಇಷ್ಟು ನಾನು ಕಾಲೇಜಿನಲ್ಲಿ ಓದಿದ್ದೆ. ಆ ದಿನ ಮೇಷ್ಟ್ರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಎಂಟನೇ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನ ಉದಾಹರಣೆ ಹೇಳಿದರು. ಮರುಭೂಮಿಯಲ್ಲಿ ಬಾಯಾರಿದವನು ದೂರದಲ್ಲಿ ನೀರು ಕಂಡು ಓಡುತ್ತಾನೆ. ಅವನು ಕಂಡದ್ದು ಬಿಸಿಲುಗುದುರೆ. ಆದರೆ ಅಲ್ಲಿಗೆ ಹೋದರೆ ಬಂಡೆಯ ಕೆಳಗೆ ನಿಜವಾದ ನೀರು ಸಿಗುತ್ತದೆ. ಅಲ್ಲಿ ನೀರಿದೆ ಅಂತ ಅವನಿಗೆ ಗೊತ್ತಿತ್ತಾ? ಗೆಟಿಯರ್‌ಗಿಂತ ಸುಮಾರು 1200 ವರ್ಷ ಮುಂಚೆ! ನಾನು ಪದವಿ ಮುಗಿಸಿ ಎಷ್ಟು ವರ್ಷ ಆಯಿತು, ಇದನ್ನು ಕೇಳಿದ್ದು ಆ ಹಿಂದಿನ ಬೆಂಚಿನಲ್ಲಿ ಕೂತು. ನಾನು ಓದಿದಲ್ಲಿ ಎರಡು ಪರಂಪರೆಗಳೂ ಇದ್ದವು, ಆದರೆ ಬೇರೆ ಬೇರೆ ಪತ್ರಿಕೆಗಳಲ್ಲಿ, ಬೇರೆ ಬೇರೆ ನೋಟ್‌ಬುಕ್ಕಿನಲ್ಲಿ. ಒಂದಕ್ಕೊಂದು ಮಾತಾಡಿದ್ದೇ ಇಲ್ಲ.

2016ರಲ್ಲಿ ಜೇ ಗಾರ್ಫೀಲ್ಡ್ ಮತ್ತು ಬ್ರಯನ್ ವ್ಯಾನ್ ನಾರ್ಡನ್ ಅನ್ನುವ ಇಬ್ಬರು ಪ್ರಾಧ್ಯಾಪಕರು ಒಂದು ಲೇಖನ ಬರೆದರು. ಬರೀ ಪಾಶ್ಚಾತ್ಯ ತತ್ವಶಾಸ್ತ್ರ ಕಲಿಸುವ ವಿಭಾಗಗಳು ಬಾಗಿಲ ಮೇಲೆ 'ಯುರೋಪ್ ಮತ್ತು ಅಮೆರಿಕದ ತತ್ವಶಾಸ್ತ್ರ ವಿಭಾಗ' ಅಂತಲೇ ಬರೆದುಕೊಳ್ಳಲಿ ಅಂದರು. ಬೇಕಾದಷ್ಟು ವಾಗ್ವಾದ ಆಯಿತು. ಅವರ ಮಾತಿನಲ್ಲಿ ಒಂದು ಪ್ರಾಮಾಣಿಕತೆ ಇದೆ ಅನ್ನಿಸುತ್ತದೆ ನನಗೆ. ಎಲ್ಲವನ್ನೂ ಕಲಿಸಿ ಅಂತ ನಾನು ಕೇಳುವುದಿಲ್ಲ. ಮೂರು ಜನ ಅಧ್ಯಾಪಕರಿರುವ ವಿಭಾಗ ಯುರೋಪಿನ ಕಾಂಟ್, ಚೀನಾದ ಕನ್‌ಫ್ಯೂಷಿಯಸ್, ಭಾರತದ ಬೌದ್ಧ ತಾರ್ಕಿಕ ಧರ್ಮಕೀರ್ತಿ ಮೂವರನ್ನೂ ಚೆನ್ನಾಗಿ ಕಲಿಸಲು ಆಗದೇ ಇರಬಹುದು. ಏನು ಕಲಿಸುತ್ತೀರೋ ಅದನ್ನು ಬರೆಯಿರಿ. ಏನು ಕಲಿಸುವುದಿಲ್ಲವೋ ಅದನ್ನೂ ಬರೆಯಿರಿ.

ತರ್ಕದ ಬಗ್ಗೆ ಮುಂಚೆಯೇ ಹೇಳಿ. ತತ್ವಶಾಸ್ತ್ರ ಅಂದರೆ ಜೀವನದ ಅರ್ಥ ಅಂದುಕೊಂಡು ಬಂದ ಮಕ್ಕಳು ಎರಡನೇ ವಾರ ಬೋರ್ಡಿನ ಮೇಲೆ ಬಾಣದ ಗುರುತು, ಸತ್ಯ ಕೋಷ್ಟಕ ನೋಡಿ ಹೆದರುತ್ತಾರೆ. ಹೆದರುವಂಥದ್ದು ಅಲ್ಲಿ ಏನೂ ಇಲ್ಲ. 'ಮಳೆ ಬಂದರೆ ನೆಲ ಒದ್ದೆಯಾಗುತ್ತದೆ. ನೆಲ ಒದ್ದೆಯಾಗಿದೆ. ಆದ್ದರಿಂದ ಮಳೆ ಬಂದಿದೆ.' ಇದರಲ್ಲಿ ತಪ್ಪು ಎಲ್ಲಿದೆ ಅಂತ ಕಂಡವರಿಗೆ ಮುಂದಿನದೆಲ್ಲ ಅದೇ ದಾರಿ. ಆದರೆ ತರ್ಕ ಕೇಳಿ ಬರುವ ವಿದ್ಯೆ ಅಲ್ಲ. ವಾರವಾರ ಬಿಡಿಸಬೇಕು, ಬಿಡಿಸಿದ್ದನ್ನು ಯಾರಾದರೂ ನೋಡಬೇಕು. ನಮಗೆ ಆ ಪತ್ರಿಕೆಯನ್ನು ಹಳದಿ ಬಣ್ಣಕ್ಕೆ ತಿರುಗಿದ ನೋಟ್ಸಿನಿಂದ ಓದಿ ಬರೆಸಿದರು. ಒಂದು ಲೆಕ್ಕವನ್ನೂ ಕೈಯಾರೆ ಬಿಡಿಸದೆ ಪಾಸಾದೆ. ನಿಮ್ಮ ತರ್ಕದ ಪತ್ರಿಕೆಯಲ್ಲಿ ವಾರಕ್ಕೆ ಎಷ್ಟು ಅಭ್ಯಾಸ ಕೊಡುತ್ತೀರಿ? ಒಂದು ಸಾಲಿನ ಉತ್ತರ ಸಾಕು.

ಬರೀ ತತ್ವಶಾಸ್ತ್ರವೋ, ಇನ್ನೊಂದು ವಿಷಯದ ಜೊತೆಗೋ ಅನ್ನುವುದರಲ್ಲಿ ನನಗೆ ಹಟ ಇಲ್ಲ. ಆಕ್ಸ್‌ಫರ್ಡಿನಲ್ಲಿ ಪದವಿಗೆ ತತ್ವಶಾಸ್ತ್ರ ಒಂದನ್ನೇ ಓದಲು ಬರುವುದೇ ಇಲ್ಲ. ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಜೊತೆ ಓದಬೇಕು, ಇಲ್ಲ ಗಣಿತದ ಜೊತೆ, ಭೌತಶಾಸ್ತ್ರದ ಜೊತೆ, ಇಲ್ಲ ಭಾಷೆಗಳ ಜೊತೆ. ಕೇಂಬ್ರಿಡ್ಜಿನಲ್ಲಿ ಒಂದನ್ನೇ ಓದಬಹುದು. ಅಮೆರಿಕದ ಸೇಂಟ್ ಜಾನ್ಸ್ ಕಾಲೇಜಿನಲ್ಲಂತೂ 1937ರಿಂದ ಮೇಜರ್, ಅಂದರೆ ಆರಿಸಿಕೊಂಡ ಮುಖ್ಯ ವಿಷಯ, ಅನ್ನುವುದೇ ಇಲ್ಲ. ಎಲ್ಲರೂ ಪ್ಲೇಟೋನನ್ನೂ ಓದುತ್ತಾರೆ, ಯೂಕ್ಲಿಡ್‌ನನ್ನೂ ಓದುತ್ತಾರೆ, ಮೇಜಿನ ಸುತ್ತ ಕೂತು ಮಾತಾಡುತ್ತಾರೆ. ಮೂರೂ ಬೇರೆ ಬೇರೆ ದಾರಿ, ಮೂರರಲ್ಲೂ ಒಳ್ಳೆಯವರು ತಯಾರಾಗಿದ್ದಾರೆ. ಜೊತೆ ವಿಷಯ ಇದ್ದರೆ ಒಂದನ್ನು ಮಾತ್ರ ಕೇಳಿಕೊಳ್ಳುತ್ತೇನೆ. ಎರಡು ವಿಭಾಗದವರೂ ಒಂದೇ ವಾರದಲ್ಲಿ ಪರೀಕ್ಷೆ ಇಟ್ಟು ಮಕ್ಕಳನ್ನು ಸಾಯಿಸಬೇಡಿ, ಒಬ್ಬರಿಗೊಬ್ಬರು ಕೇಳಿ ವೇಳಾಪಟ್ಟಿ ಮಾಡಿ.

ಪ್ರಾಂಶುಪಾಲರಿಗೆ ಬೇರೆಯಾಗಿ ಒಂದು ಪ್ರಶ್ನೆ ಇದೆ. ನಿಮ್ಮ ವಿಭಾಗ ಮೂರು ವರ್ಷ ಉಳಿಯುತ್ತದಾ? ಇದನ್ನು ಕೇಳಲು ನನಗೂ ಸಂಕೋಚ. ಆದರೆ 2010ರಲ್ಲಿ ಲಂಡನ್ನಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯ ತತ್ವಶಾಸ್ತ್ರದ ಕೋರ್ಸುಗಳನ್ನು ಮುಚ್ಚುವುದಾಗಿ ಹೇಳಿದಾಗ, ಸಂಶೋಧನೆಯ ಮೌಲ್ಯಮಾಪನದಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಅತಿ ಹೆಚ್ಚು ಶ್ರೇಣಿ ತಂದಿದ್ದ ವಿಷಯವೇ ಅದು. ವಿದ್ಯಾರ್ಥಿಗಳು ಕಟ್ಟಡದೊಳಗೆ ಕೂತು ಪ್ರತಿಭಟನೆ ಮಾಡಿದರು. ಕೊನೆಗೆ ಅಲ್ಲಿಯ ಸಂಶೋಧನಾ ಕೇಂದ್ರ ಕಿಂಗ್‌ಸ್ಟನ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಚೆನ್ನಾಗಿ ನಡೆಯುವ ವಿಭಾಗಕ್ಕೂ ಹೀಗಾಗಬಹುದು ಅಂದಮೇಲೆ ಎಂಟೇ ಮಕ್ಕಳಿರುವ ವಿಭಾಗದ ಕಥೆ ಏನು? ಮಕ್ಕಳು ಕಡಿಮೆ ಇರುವುದು ನನ್ನ ಕಣ್ಣಿಗೆ ದೊಡ್ಡ ಲಾಭ. ಎಂಟು ಜನರಿದ್ದರೆ ಎಂಟು ಪ್ರಬಂಧವನ್ನೂ ಓದಬಹುದು. ಆದರೆ ಲೆಕ್ಕಪತ್ರ ನೋಡುವವರಿಗೆ ಅದು ನಷ್ಟ. ಸೇರಿಸಿಕೊಂಡ ಮಕ್ಕಳು ಮುಗಿಸಿ ಹೋಗುವವರೆಗೆ ವಿಭಾಗ ನಡೆಸುತ್ತೇವೆ ಅಂತ ಲಿಖಿತವಾಗಿ ಕೊಡಿ. ಅದು ನಮ್ಮ ಹಕ್ಕು ಅಂತಲೇ ಹೇಳುತ್ತೇನೆ.

ಕೆಲಸ ಸಿಗುತ್ತದಾ ಅಂತ ಅಕ್ಕ, ಭಾವ ಕೇಳಿದರು. ಅವರು ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಪ್ರಶ್ನೆಗೆ ಪ್ರಾಸ್ಪೆಕ್ಟಸ್‌ಗಳು ಕೊಡುವ ಉತ್ತರದಲ್ಲಿ ಬರೀ ದೊಡ್ಡ ಕಂಪನಿಗಳ ಲೋಗೊ ಇರುತ್ತದೆ. ನಿಮ್ಮ ವಿಭಾಗದಿಂದ ಐದು ವರ್ಷದ ಹಿಂದೆ ಹೊರಬಂದ ಮಕ್ಕಳು ಈಗ ಏನು ಮಾಡುತ್ತಿದ್ದಾರೆ ಅಂತ ಬರೆದರೆ ಸಾಕು. ವಕೀಲರಾದವರು, ಪತ್ರಕರ್ತರಾದವರು, ಸಾಫ್ಟ್‌ವೇರ್‌ಗೆ ಹೋದವರು, ಎಲ್ಲೂ ನೆಲೆ ನಿಲ್ಲದೆ ಇನ್ನೂ ಹುಡುಕುತ್ತಿರುವವರು, ಎಲ್ಲರನ್ನೂ ಸೇರಿಸಿ. ಹುಡುಕುತ್ತಿರುವವರನ್ನೂ ಸೇರಿಸಿ ಬರೆದ ಕಾಲೇಜನ್ನು ನಾನು ಹೆಚ್ಚು ನಂಬುತ್ತೇನೆ.

ನಾವು ಹೋಗಿ ಕೂತ ಆ ಕಾಲೇಜಿಗೇ ಅವಳು ಸೇರುತ್ತಾಳೆ ಅಂತ ನೀವು ಅಂದುಕೊಳ್ಳಬಹುದು. ಇನ್ನೂ ತೀರ್ಮಾನ ಆಗಿಲ್ಲ. ಮೇಷ್ಟ್ರು ಅವಳಿಗೆ ತುಂಬ ಹಿಡಿಸಿದರು. ಆದರೆ ಅವರು ಇನ್ನು ಎರಡು ವರ್ಷಕ್ಕೆ ನಿವೃತ್ತರಾಗುತ್ತಾರೆ, ಅವರೇ ಹೇಳಿದರು. ಬೇರೆ ಕಾಲೇಜುಗಳನ್ನೂ ನೋಡಿಕೊಂಡು ಬಾ ಅಂತಲೂ ಅವರೇ ಹೇಳಿದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವಳು ಮಾತಾಡಿದ್ದು ಆ ನಿಂತ ಗಡಿಯಾರದ ಬಗ್ಗೆಯೇ. "ಗಡಿಯಾರ ಕೆಟ್ಟಿರದೆ ಸರಿಯಾಗೇ ಇದ್ದು, ಅದು ಸರಿಯಾಗಿದೆ ಅಂತ ಅವನಿಗೆ ಖಚಿತ ಇಲ್ಲದಿದ್ದರೆ? ಆಗ ಗೊತ್ತಿತ್ತು ಅನ್ನಬಹುದಾ ಚಿಕ್ಕಮ್ಮ?" ನನಗೆ ಉತ್ತರ ಹೇಳಲು ಆಗಲಿಲ್ಲ. ಬರೆದು ನೋಡು ಅಂದೆ. ಬರೆದಿದ್ದಾಳೆ, ಎರಡೂವರೆ ಪುಟ.

ಉಳಿದ ಮೂರು ಕಾಲೇಜಿಗೆ ಇದೇ ವಾರ ಮತ್ತೆ ಬರೆಯುತ್ತಿದ್ದೇವೆ. ಈ ಸಲ ಆ ಎರಡೂವರೆ ಪುಟವನ್ನೂ ಜೊತೆಗಿಟ್ಟು ಕಳಿಸುತ್ತಾಳೆ. ಪ್ರವೇಶದ ಅರ್ಜಿಗೆ ಅದು ಬೇಕಿಲ್ಲ ಅಂತ ನನಗೆ ಗೊತ್ತು. ಸಾಧ್ಯವಾದರೆ ನಿಮ್ಮಲ್ಲಿ ಒಬ್ಬರು ಅದನ್ನು ಪೆನ್ಸಿಲ್ ಹಿಡಿದು ಓದಿ, ಅಂಚಿನಲ್ಲಿ ಒಂದು ಪ್ರಶ್ನೆ ಬರೆದು ವಾಪಸ್ ಕಳಿಸಿ. ಉತ್ತರ ನನಗೆ ಬೇಡ. ಅವಳ ಹೆಸರಿಗೇ ಬರೆಯಿರಿ.

ಇಂತಿ,
ತತ್ವಶಾಸ್ತ್ರದ ಒಬ್ಬ ಹಳೆಯ ವಿದ್ಯಾರ್ಥಿನಿ